ಎನ್‌ಡಿಪಿಎಸ್ ಕಲಂ 64ಎ: ಜೈಲಿನ ಬದಲು ಚಿಕಿತ್ಸೆ, ಐದಕ್ಕೆ ಮೂರು ಅಂಕ

ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬಿದ್ದ ಮಗನನ್ನು ಜೈಲಿಗೆ ಕಳಿಸದೆ ಆಸ್ಪತ್ರೆಗೆ ಸೇರಿಸಬಹುದೇ? ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ, ಆದರೆ ಬಾಗಿಲು ಕಿರಿದು.

ವ್ಯಸನಿಯೊಬ್ಬ ತಾನಾಗಿಯೇ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ 64ಎ ಪ್ರಕಾರ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಆದರೆ ಆರೋಪ ಕಲಂ 27ರದ್ದು (ಸೇವನೆ) ಅಥವಾ ಅಲ್ಪ ಪ್ರಮಾಣದ್ದು ಮಾತ್ರ ಆಗಿರಬೇಕು. ಅಲ್ಪ ಪ್ರಮಾಣ ಎಂದರೆ ಗಾಂಜಾ 1 ಕೆಜಿ, ಚರಸ್ 100 ಗ್ರಾಂ, ಹೆರಾಯಿನ್ 5 ಗ್ರಾಂ, ಕೊಕೇನ್ 2 ಗ್ರಾಂ, ಎಂಡಿಎಂಎ (ಎಕ್ಸ್‌ಟಸಿ) ಬರೀ ಅರ್ಧ ಗ್ರಾಂ.

ಎಡವುವುದು ಹೆಚ್ಚಾಗಿ ಇಲ್ಲೇ. ಬೆರಕೆ ಪದಾರ್ಥವನ್ನೂ ಸೇರಿಸಿಯೇ ತೂಕ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಹೇಳಿದೆ. 300 ಮಿಲಿಗ್ರಾಂ ತೂಗುವ ಎರಡು ಎಂಡಿಎಂಎ ಮಾತ್ರೆ ಸಿಕ್ಕರೂ ಒಟ್ಟು 0.6 ಗ್ರಾಂ, 64ಎ ಕೈತಪ್ಪಿತು. ಹಾಗಾಗಿ ವಕೀಲರು ಮೊದಲು ನೋಡಬೇಕಾದ್ದು ಪಂಚನಾಮೆಯ ತೂಕ. ಗಾಂಜಾ ಆದರೆ ಹೂತೆನೆ ಇಲ್ಲದ ಬರೀ ಎಲೆ, ಬೀಜ ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಅಲ್ಲ. ಅದನ್ನೂ ತೂಗಿದ್ದಾರೆಯೇ ಕೇಳಿ.

ಎರಡನೇ ತೊಡಕು ಕೇಂದ್ರದ್ದು. ಮಾನ್ಯತೆಯಿಲ್ಲದ ಖಾಸಗಿ ಕೇಂದ್ರದಲ್ಲಿ ಲಕ್ಷ ಸುರಿದರೂ ಆ ಚಿಕಿತ್ಸೆ ಈ ಕಲಂನ ಲೆಕ್ಕಕ್ಕೆ ಬರುವುದಿಲ್ಲ. ಸೇರಿಸುವ ಮುನ್ನ ಮಾನ್ಯತೆ ಪತ್ರದ ಪ್ರತಿ ಕೇಳಿ ಪಡೆಯಿರಿ. ದಾಖಲಾತಿ ಚೀಟಿ, ಮೂತ್ರ ಪರೀಕ್ಷೆಯ ವರದಿ, ಡಿಸ್ಚಾರ್ಜ್ ಸಮ್ಮರಿ, ಮರುಭೇಟಿಯ ದಿನಾಂಕಗಳು ಎಲ್ಲವೂ ಒಂದೇ ಫೈಲಿನಲ್ಲಿರಲಿ. ಚಟ ಬಿಟ್ಟಾಗಿನ ನಡುಕ, ಬೆವರು ನಿಂತ ಕೂಡಲೇ ಮನೆಗೆ ಕರೆತರುವುದು ದೊಡ್ಡ ತಪ್ಪು: ಚಿಕಿತ್ಸೆ ಪೂರ್ತಿಯಾಗದಿದ್ದರೆ ರಕ್ಷಣೆ ಹಿಂಪಡೆಯಬಹುದು.

ಇಂಥದೇ ಆರೋಪದಲ್ಲಿ ತಪ್ಪಿತಸ್ಥನೆಂದು ತೀರ್ಪಾದ ವ್ಯಸನಿಗೆ ಕಲಂ 39 ಇದೆ. ಅವನ ಒಪ್ಪಿಗೆ ಇದ್ದರೆ ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು. ಚಿಕಿತ್ಸೆಯ ಫಲ ಏನಾಯಿತೆಂಬ ವರದಿಯನ್ನು ಒಂದು ವರ್ಷದೊಳಗೆ ಕೋರ್ಟಿಗೆ ಒಪ್ಪಿಸಬೇಕು.

ಎರಡು ಅಂಕ ಕಳೆದದ್ದೇಕೆ? ಕಾಯ್ದೆಯ ಪ್ರಕಾರ ವ್ಯಸನಿ ಎಂದರೆ ಮಾದಕಕ್ಕೆ ಅವಲಂಬಿತನಾದವನು. ಒಂದೆರಡು ಸಲ ಸೇದಿ ಸಿಕ್ಕ ಹುಡುಗನಿಗೆ ಚಟ ಅಂಟಿಲ್ಲವೆಂಬ ಕಾರಣಕ್ಕೇ ಈ ದಾರಿ ಮುಚ್ಚಿದೆ. ಇದು ಅನ್ಯಾಯ. ಇನ್ನೊಂದು ಅಂಕ, ಬಿಡುಗಡೆಯ ನಂತರದ ದಿನಗಳ ಬಗ್ಗೆ ಈ ಕಲಂ ಮೌನವಾಗಿರುವುದಕ್ಕೆ. ಹೆರಾಯಿನ್ ಬಿಟ್ಟು ಕೆಲವು ವಾರ ಕಳೆದರೆ ದೇಹ ಅದನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಆಗ ಹಳೇ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಮನೆಗೆ ಬಂದ ಮೊದಲ ವಾರಗಳಲ್ಲಿ ಒಂಟಿಯಾಗಿ ಬಿಡಬೇಡಿ. ಯಾರನ್ನು ಕೇಳುವುದೆಂದು ತೋಚದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ.