ಹಳೆಯ ಮೋಪಾರ್‌ಗೆ ಕ್ಲಚ್: ಬೋರ್ಗ್ ಆ್ಯಂಡ್ ಬೆಕ್ಕೋ, ಡಯಾಫ್ರಂಮೋ?

1960ರ ದಶಕದ ಕೊನೆಯ ಮೋಪಾರ್, ಅಂದರೆ ಅಮೆರಿಕದ ಕ್ರೈಸ್ಲರ್ ಕಂಪನಿಯ ಕಾರುಗಳಾದ ರೋಡ್ ರನ್ನರ್, ಚಾರ್ಜರ್‌ಗಳ ನಾಲ್ಕು ಗೇರಿನ ಎ-833 ಗೇರ್ ಬಾಕ್ಸಿಗೆ ಕ್ಲಚ್ ಹುಡುಕುವವರು ಮೊದಲು ಅದರ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲು) ಎಣಿಸಬೇಕು. ಮಾಮೂಲಿ ಇನ್‌ಪುಟ್ ಶಾಫ್ಟಿಗೆ 23, ಹೆಮಿ ಎಂಜಿನ್ನಿನದಕ್ಕೆ 18. ಇದು ತಪ್ಪಿದರೆ ಡಿಸ್ಕ್ ಶಾಫ್ಟಿಗೆ ಏರುವುದೇ ಇಲ್ಲ. ಫ್ಲೈವೀಲ್ (ಎಂಜಿನ್ನಿನ ಹಿಂದಿನ ಭಾರದ ಚಕ್ರ) 143 ಹಲ್ಲಿನದಾದರೆ 11 ಇಂಚಿನ ಕ್ಲಚ್ ಕೂರುತ್ತದೆ, 130ರದಾದರೆ 10.5.

ಡಿಸ್ಕನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನಲ್ಲಿ ಈ ಎರಡು ಬಗೆ. ಬೋರ್ಗ್ ಆ್ಯಂಡ್ ಬೆಕ್‌ನಲ್ಲಿ ಮೂರು ಬೆರಳು (ಲಿವರ್), ಸುತ್ತ ಕಾಯಿಲ್ ಸ್ಪ್ರಿಂಗ್. ಆರ್‌ಪಿಎಂ ಏರಿದಂತೆ ಒಳಗಿನ ರೋಲರ್‌ಗಳು ಹೊರಕ್ಕೆ ತಳ್ಳಿ ಹಿಡಿತ ಹೆಚ್ಚಿಸುತ್ತವೆ. ಆಗ ಪೆಡಲ್ಲೂ ಗಟ್ಟಿಯಾಗುತ್ತದೆ. ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ಒಳ್ಳೆ ವ್ಯಾಯಾಮ!

ಡಯಾಫ್ರಂನಲ್ಲಿ ತಟ್ಟೆಯಂಥ ಒಂದೇ ಸ್ಪ್ರಿಂಗ್, ಪೆಡಲ್ ಹಗುರ. ಡಿಸ್ಕ್ ಸವೆದರೂ ಹಿಡಿತ ಅಷ್ಟಾಗಿ ಕುಗ್ಗುವುದಿಲ್ಲ. ಆದರೆ ಇಲ್ಲೊಂದು ಬಲೆಯಿದೆ. ಪೆಡಲ್ ಬಳಿಯ ಓವರ್-ಸೆಂಟರ್ ಸ್ಪ್ರಿಂಗ್ ಇರುವುದು ಬೋರ್ಗ್ ಆ್ಯಂಡ್ ಬೆಕ್‌ನ ಗಟ್ಟಿ ಪೆಡಲ್ ಒತ್ತಲು ನೆರವಾಗಲು. ಡಯಾಫ್ರಂ ಹಾಕಿ ಅದನ್ನು ಬಿಚ್ಚದಿದ್ದರೆ, ಒತ್ತಿದ ಪೆಡಲ್ ನೆಲಕ್ಕೆ ಅಂಟಿಕೊಂಡು ಮೇಲೆ ಬರುವುದಿಲ್ಲ. ಕ್ಲಚ್ಚೇ ಕೆಟ್ಟಿತೆಂದು ಗೇರ್ ಬಾಕ್ಸ್ ಇಳಿಸುವ ಮುನ್ನ ಇದನ್ನು ನೋಡಿ.

ರಸ್ತೆಗೆ ಡಯಾಫ್ರಂ ಮತ್ತು ಆರ್ಗ್ಯಾನಿಕ್ (ಮಾಮೂಲಿ ಲೈನಿಂಗಿನ) ಡಿಸ್ಕ್ ಸಾಕು. ಸೆರಾಮಿಕ್ ಪಕ್ (ಬಿಡಿ ಬಿಡಿ ತುಂಡುಗಳ) ಡಿಸ್ಕ್ ರೇಸಿಗೆ ಸರಿ, ಸಿಗ್ನಲ್ಲಿನಲ್ಲಿ ಗಾಡಿ ನಡುಗಿ ನಡುಗಿ ಹೊರಡುತ್ತದೆ. ಕಾರಿನ ಮೂಲ ರೂಪ ಕೆಡಬಾರದು ಎನ್ನುವವರಿಗೆ ಮಾತ್ರ ಬೋರ್ಗ್ ಆ್ಯಂಡ್ ಬೆಕ್.

ಯಾವುದೇ ಇರಲಿ, ಫ್ಲೈವೀಲ್ ಮೇಲ್ಮೈ ಮಟ್ಟ ಮಾಡಿಸಿ, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವುದು), ಪೈಲಟ್ ಬುಶ್ (ಇನ್‌ಪುಟ್ ಶಾಫ್ಟಿನ ತುದಿ ಹಿಡಿಯುವುದು) ಹೊಸದು ಹಾಕಿ. ಪೆಡಲ್‌ನಲ್ಲಿ ಸುಮಾರು 1 ಇಂಚು ಸಡಿಲ ಬಿಡಿ, ಬಿಡದಿದ್ದರೆ ಬೇರಿಂಗ್ ಸದಾ ತಿರುಗಿ ಸುಡುತ್ತದೆ. ಮೊದಲ 800 ಕಿ.ಮೀ. ಊರೊಳಗೇ ಮೆತ್ತಗೆ ಓಡಿಸಿ.