ವ್ಯಾಯಾಮದ ರಬ್ಬರ್ ಪಟ್ಟಿ: ಮೂರು ವರ್ಷ ಎಳೆದ ಮೇಲೆ

ನನಗೆ ಈಗ 71 ವರ್ಷ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ದಿನವೂ ನಡೆಯುವವಳು. ಆ ನಡಿಗೆಯೊಂದಿದ್ದರೆ ಸಾಕು ಎಂದೇ ನಂಬಿದ್ದೆ. 2022ರ ಗೌರಿ ಹಬ್ಬದ ದಿನ ಪೂಜೆಗೆ ನೆಲದ ಮೇಲೆ ಕುಳಿತವಳನ್ನು ಸೊಸೆ ಕೈಹಿಡಿದು ಎಬ್ಬಿಸಬೇಕಾಯಿತು. ಮಂಡಿಯಲ್ಲಿ ನೋವಿರಲಿಲ್ಲ, ತೊಡೆಯಲ್ಲಿ ಕಸುವೇ ಉಳಿದಿರಲಿಲ್ಲ. ಫಿಸಿಯೋಥೆರಪಿಸ್ಟ್ ನೋಡಿ, ಒಂದೂವರೆ ಮೀಟರ್ ಉದ್ದದ ಲೇಟೆಕ್ಸ್ ಪಟ್ಟಿಯೊಂದನ್ನು ಕೊಳ್ಳಲು ಹೇಳಿದರು.

ಹಳದಿಯಿಂದ ಆರಂಭಿಸಿ, ಕೆಂಪು ದಾಟಿ, ಈಗ ಹಸಿರು ಪಟ್ಟಿಗೆ ಬಂದಿದ್ದೇನೆ. ಬಣ್ಣ ಬದಲಾದಂತೆ ಬಿಗಿ ಹೆಚ್ಚುತ್ತದೆ. ಆದರೆ ಒಬ್ಬ ತಯಾರಕರ ಕೆಂಪು ಇನ್ನೊಬ್ಬರ ಕೆಂಪಿನಷ್ಟೇ ಬಿಗಿ ಇರಬೇಕೆಂದಿಲ್ಲ, ಹಾಗಾಗಿ ಒಂದೇ ಕಡೆಯದನ್ನು ಕೊಳ್ಳುವುದು ಒಳ್ಳೆಯದು.

ನನಗೆ ಹೆಚ್ಚು ಫಲ ಕೊಟ್ಟದ್ದು ಕುರ್ಚಿಯ ವ್ಯಾಯಾಮ. ಮಂಡಿಗಿಂತ ಸ್ವಲ್ಪ ಮೇಲೆ ಪಟ್ಟಿಯನ್ನು ಸುತ್ತಿ ಕಟ್ಟಿ, ಮಂಡಿಗಳನ್ನು ಹೊರಕ್ಕೆ ಒತ್ತಿ ಹಿಡಿದು, ಕೈ ಊರದೆ ಎದ್ದು ಕೂರಬೇಕು. ಮೊದಲ ವಾರ ನಾಲ್ಕು ಸಲಕ್ಕೇ ತೊಡೆ ನಡುಗುತ್ತಿತ್ತು. ಈಗ ಎರಡರ ಮಗ್ಗಿ ಮುಗಿಯುವವರೆಗೆ, ಅಂದರೆ ಹತ್ತು ಸಲ, ನಿಲ್ಲದೆ ಮಾಡುತ್ತೇನೆ. ಮಗ್ಗಿಯನ್ನು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ: ಉಸಿರು ಬಿಗಿಹಿಡಿದು ಎಳೆದರೆ ರಕ್ತದೊತ್ತಡ ಏರುತ್ತದೆ, ಮಾತನಾಡುವಾಗ ಉಸಿರು ಕಟ್ಟುವುದಿಲ್ಲ. ಆಮೇಲೆ ಕಾಲು ಚಾಚಿ ಕುಳಿತು, ಪಾದಕ್ಕೆ ಪಟ್ಟಿ ಹಾಕಿ, ಮೊಣಕೈಗಳನ್ನು ಹಿಂದಕ್ಕೆ ಸೆಳೆಯುತ್ತೇನೆ. ನೀರು ತುಂಬಿದ ಬಿಂದಿಗೆಯನ್ನು ಎತ್ತುವಾಗ ಆ ಬೆನ್ನಿನ ಬಲ ನೆನಪಿಗೆ ಬರುತ್ತದೆ. ಎರಡನೆಯ ವರ್ಷದ ಗೌರಿ ಪೂಜೆಯಲ್ಲಿ ಒಂದು ಕೈ ನೆಲಕ್ಕೆ ಊರಿ ನಾನೇ ಎದ್ದೆ.

ವಾರಕ್ಕೆ ಮೂರು ದಿನ, ತಲಾ 20 ನಿಮಿಷ. ಸ್ನಾಯುಗಳಿಗೆ ವಾರದಲ್ಲಿ ಕನಿಷ್ಠ 2 ದಿನ ಕೆಲಸ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. 65 ದಾಟಿದವರಿಗೆ ಸಮತೋಲನದ ಅಭ್ಯಾಸವನ್ನೂ ಸೇರಿಸಿದೆ. ಅದನ್ನು ಈ ಪಟ್ಟಿ ಕಲಿಸುವುದಿಲ್ಲ. ಅಡುಗೆ ಕಟ್ಟೆ ಹಿಡಿದು ಒಂಟಿಗಾಲಿನಲ್ಲಿ ನಿಲ್ಲುವುದನ್ನು ಬೇರೆಯಾಗಿಯೇ ಮಾಡುತ್ತೇನೆ.

ದೊಡ್ಡ ದೋಷವೆಂದರೆ ಬಾಳಿಕೆ. ನನ್ನ ಮೊದಲ ಕೆಂಪು ಪಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಸರಳಿಗೇ ಕಟ್ಟಿಟ್ಟಿದ್ದೆ. ಎಂಟೇ ತಿಂಗಳಿಗೆ ಎಳೆಯುತ್ತಿದ್ದಾಗ ಹರಿದು ಮುಂಗೈಗೆ ಬಡಿಯಿತು, ಬಾಸುಂಡೆ ವಾರವಿಡೀ ಇತ್ತು. ಕಣ್ಣಿಗೆ ಬಡಿದಿದ್ದರೆ ಎಂದು ಈಗಲೂ ಎದೆ ಝಲ್ಲೆನ್ನುತ್ತದೆ. ಬಿಸಿಲು, ಎಣ್ಣೆಕೈ ಎರಡೂ ಲೇಟೆಕ್ಸ್‌ಗೆ ಶತ್ರು. ಮುಖದತ್ತ ಎಳೆಯಬೇಡಿ, ಪ್ರತಿ ಸಲವೂ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನನ್ನ ಹಸಿರು ಪಟ್ಟಿಯಲ್ಲಿ ನಿನ್ನೆ ಸಣ್ಣ ಸೀಳು ಕಂಡಿತು. ನಾಳೆ ಹೊಸದನ್ನು ತರುತ್ತೇನೆ, ಅದೇ ಬಣ್ಣದ್ದು.