ಕೊಂಬೆ ಬಗ್ಗಿಸಿ ಕಾಯಿ ಬರೋ ಹಾಗೆ ಮಾಡ್ತೀವಿ ಅಂತ ಬರೋರಿಗೆ ಗೇಟು ತೆಗೆಯೋ ಮುಂಚೆ

ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಅವರು ಬಂದದ್ದು. ಇಬ್ಬರು, ಒಂದು ಸ್ಕೂಟರ್, ಮುಂದಿನ ಕೊಕ್ಕೆಗೆ ನೇತುಹಾಕಿದ ಒಂದು ಸುತ್ತು ಬೈಂಡಿಂಗ್ ವೈರ್. ಯಲಹಂಕದ ಈಚೆಗಿರುವ ನಮ್ಮ ಬಡಾವಣೆಯಲ್ಲಿ ಮನೆ ಪಕ್ಕದ ಥರ್ಟಿ ಫಾರ್ಟಿ ಸೈಟೂ ನಮ್ಮದೇ. ಅದರಲ್ಲಿ ಮೂರು ಸೀಬೆ, ಒಂದು ಮಾವು, ಒಂದು ನಿಂಬೆ ಹಾಕಿದ್ದೇವೆ. ಕಾಂಪೌಂಡ್ ಮೇಲಿಂದ ಇಣುಕಿ, “ಮೇಡಂ, ಎರಡು ವರ್ಷದ ಗಿಡ ಅಲ್ವಾ? ನೆಟ್ಟಗೆ ಮೇಲಕ್ಕೇ ಹೋಗ್ತಿದೆ. ಹಿಂಗೇ ಬಿಟ್ರೆ ಬರೀ ಎಲೆ” ಅಂದರು.

ಮಾತೇನೂ ಸುಳ್ಳಲ್ಲ. ಅದೇ ತೊಂದರೆಯಾಗಿದ್ದು. ಪೂರ್ತಿ ಸುಳ್ಳಾಗಿದ್ದರೆ ನಾನು ಗೇಟು ತೆಗೆಯುತ್ತಿರಲಿಲ್ಲ.

ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಯ ಕುಡಿಯದೇ ಯಜಮಾನಿಕೆ. ಅಲ್ಲಿ ಹುಟ್ಟುವ ಆಕ್ಸಿನ್ ಅನ್ನುವ ರಸ ಕೆಳಗಿಳಿದು, ಕೆಳಗಿನ ಮೊಗ್ಗುಗಳನ್ನು ಏಳದ ಹಾಗೆ ತಡೆಯುತ್ತದೆ. ಕೊಂಬೆಯನ್ನು ಅಡ್ಡ ಮಲಗಿಸಿದರೆ ಆ ಹಿಡಿತ ಸಡಿಲವಾಗುತ್ತದೆ, ಉದ್ದಕ್ಕೂ ಮಲಗಿದ್ದ ಮೊಗ್ಗುಗಳು ಎದ್ದು ಪಕ್ಕದ ಚಿಗುರು ಬರುತ್ತವೆ. ಸೀಬೆ ಹೂ ಕಚ್ಚುವುದೇ ಹೊಸ ಚಿಗುರಿನಲ್ಲಿ. ಹಾಗಾಗಿ ಚಿಗುರು ಜಾಸ್ತಿ ಬಂದಷ್ಟೂ ಕಾಯಿ ಜಾಸ್ತಿ. ಚಪ್ಪರದ ಅವರೆಗೆ ಅಜ್ಜಿಯರು ಕುಡಿ ಚಿವುಟುತ್ತಿದ್ದ ಲೆಕ್ಕವೇ ಇದು. ಸೀಬೆ ಬೆಳೆಗಾರರು ಇದನ್ನು ಮಾಡಿ ಒಳ್ಳೇ ಫಸಲು ತೆಗೆಯುತ್ತಾರೆ. ನಾನೂ ವಿಡಿಯೋಗಳಲ್ಲಿ ನೋಡಿದ್ದೆ. ನೋಡಿದ್ದೆ ಅನ್ನುವುದೇ ನನ್ನ ಧೈರ್ಯ.

ಗಿಡಕ್ಕೆ 800 ರೂಪಾಯಿ, “ಒಂದು ವರ್ಷ ನಾವೇ ಬಂದು ನೋಡ್ಕೊಳ್ತೀವಿ” ಅನ್ನುವುದೂ ಅದರಲ್ಲೇ ಸೇರಿ. ನಿಂಬೆಗೆ ಕೈ ಹಾಕಲಿಲ್ಲ. ಅದರ ಮುಳ್ಳಿನ ಪುಣ್ಯ, ಇವತ್ತಿಗೂ ಚೆನ್ನಾಗಿದೆ. ಒಟ್ಟು 3,200 ರೂಪಾಯಿ ಫೋನಿನಲ್ಲೇ ಹಾಕಿದೆ. ಮಾವ ಹಬ್ಬಕ್ಕೆ ಅಂತ ಶಿಡ್ಲಘಟ್ಟಕ್ಕೆ ಹೋಗಿದ್ದರು. ಇದ್ದಿದ್ದರೆ ವೈರ್ ನೋಡಿದ ತಕ್ಷಣ ವಾಪಸ್ ಕಳಿಸುತ್ತಿದ್ದರು ಅಂತ ಈಗ ದಿನಕ್ಕೊಮ್ಮೆ ಕೇಳಿಸಿಕೊಳ್ಳುತ್ತೇನೆ.

ಕೆಲಸ ಶುರುವಾದದ್ದು ಬೆಳಿಗ್ಗೆ ಏಳೂವರೆಗೆ. ಅರ್ಧ ಗಂಟೆ ಮುಂಚೆ ತಾನೇ ನಾನು ಪೈಪಿನಲ್ಲಿ ನೀರು ಬಿಟ್ಟಿದ್ದೆ. ನೀರು ಕುಡಿದು ಬಿರುಸಾಗಿರುವ ಕೊಂಬೆ ಬೆಳಗಿನ ಹೊತ್ತು ಬಾಗುವುದಿಲ್ಲ, ಮುರಿಯುತ್ತದೆ. ಮಧ್ಯಾಹ್ನದ ಮೇಲೆ ಸ್ವಲ್ಪ ಬಾಡಿದಾಗಲೇ ಬಳುಕುವುದು. ನನಗೆ ಆಗ ಗೊತ್ತಿರಲಿಲ್ಲ, ಅವರಿಗೆ ಗೊತ್ತಿರಬೇಕಿತ್ತು.

ಮಾವಿನ ಗಿಡದಿಂದಲೇ ಶುರು ಮಾಡಿದರು. ಮಲ್ಲಿಕಾ ಕಸಿ ಗಿಡ, ಹೆಬ್ಬೆರಳು ದಪ್ಪದ ಕೊಂಬೆ. ಒಬ್ಬ ಬುಡ ಹಿಡಿದುಕೊಳ್ಳಲೂ ಇಲ್ಲ, ಇನ್ನೊಬ್ಬ ತುದಿ ಹಿಡಿದು ಎಳೆದ. ಚಟ್ ಅಂತು. ಕವಲಿನ ಮೇಲ್ಭಾಗ ಒಂದು ಗೇಣು ಸೀಳಿ ಸೊನೆ ಇಳಿಯಿತು. “ಏನೂ ಆಗಲ್ಲ ಮೇಡಂ, ಕೂಡ್ಕೊಳ್ಳುತ್ತೆ” ಅಂತ ಕರೆಂಟಿನವರ ಕಪ್ಪು ಟೇಪ್ ಸುತ್ತಿದರು. ಜೂನಿನ ಮಳೆಗೆ ಆ ಟೇಪಿನ ಒಳಗೆ ನೀರು ನಿಂತು, ಕೊಂಬೆ ಕಪ್ಪಾಗಿ ಬುಡದವರೆಗೂ ಒಣಗಿತು. ಮಾವಿಗೆ ಈ ಉಪಾಯವೇ ಹೊಂದುವುದಿಲ್ಲ. ಅದು ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ. ಎಳೆಯದರಲ್ಲಿ ಮೊಣಕಾಲಿಂದ ಸೊಂಟದೊಳಗಿನ ಎತ್ತರಕ್ಕೆ ಕುಡಿ ಕತ್ತರಿಸಿ, ನಾಲ್ಕು ದಿಕ್ಕಿಗೆ ಮೂರು ನಾಲ್ಕು ಕೊಂಬೆ ಉಳಿಸಿಕೊಂಡರೆ ಸಾಕು. ಮೊದಲ ಎರಡು ಮೂರು ವರ್ಷ ಹೂ ಬಂದರೂ ಚಿವುಟಿ ಹಾಕಬೇಕು. ಇವರು ಎರಡು ವರ್ಷದ ಮಾವಿನಲ್ಲಿ “ಮುಂದಿನ ಯುಗಾದಿಗೆ ಹಣ್ಣು” ಅಂದಿದ್ದರು.

ಸೀಬೆ ಬಳುಕುವ ಜಾತಿ, ಮುರಿಯಲಿಲ್ಲ. ಕೊಂಬೆಗಳನ್ನೆಲ್ಲ ಬಗ್ಗಿಸಿ, ತುದಿ ನೆಲ ನೋಡುವ ಹಾಗೆ ಎಳೆದು, ಗೂಟ ಹೊಡೆದು, ವೈರಿನಿಂದ ಎರಡು ಸುತ್ತು ಕಟ್ಟಿ ಇಕ್ಕಳದಲ್ಲಿ ತಿರುಪಿದರು. ಆಮೇಲೆ ಎಲೆ ತರಿದರು. ಬಗ್ಗಿಸಿದಾಗ ಬುಡದ ಕಡೆಯ ಎಲೆ ತೆಗೆಯುವುದು ಪದ್ಧತಿ, ತುದಿಯ ಹತ್ತು ಹನ್ನೆರಡು ಜೊತೆ ಎಲೆ ಬಿಡಬೇಕು. ಇವರು ಒಂದು ಗಿಡವನ್ನು ಪೂರ್ತಿ ಬೋಳು ಮಾಡಿಬಿಟ್ಟರು. ಅದು ಅರ್ಕಾ ಕಿರಣ್, ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ಕೆಂಪು ತಿರುಳಿನ ತಳಿ. ನಾನು ಆಸೆಪಟ್ಟು ಹಾಕಿದ ಗಿಡ. ಮಾರ್ಚಿನ ಬಿಸಿಲಿಗೆ ಅಡ್ಡ ಮಲಗಿದ ಕೊಂಬೆಗಳ ಮೇಲ್ಮೈ ತೊಗಟೆ ಸುಟ್ಟು, ಬಿರಿದು, ಹಪ್ಪಳದ ಹಾಗೆ ಎದ್ದಿತು. ಎರಡು ಕೊಂಬೆ ಅಲ್ಲಿಗೇ ಹೋದವು. ಸ್ವಲ್ಪ ಸುಣ್ಣದ ನೀರು ಬಳಿದಿದ್ದರೆ ಉಳಿಯುತ್ತಿದ್ದವು.

ಅಷ್ಟಾದರೂ ನಾನು ಯಾರನ್ನೂ ಬೈಯಲಿಲ್ಲ. ಯಾಕೆಂದರೆ ಮಿಕ್ಕ ಎರಡು ಸೀಬೆ, ಎಲ್ 49 ಅನ್ನುವ ತಳಿ, ಏಪ್ರಿಲ್‌ನಲ್ಲಿ ಹೂ ಬಿಟ್ಟ ರೀತಿ ಹಾಗಿತ್ತು. ಗೆಣ್ಣುಗೆಣ್ಣಿಗೂ ಹೂ. ಬಡಾವಣೆಯವರೆಲ್ಲ ಬಂದು ನೋಡಿ ಹೋದರು. ಎದುರು ಮನೆಯ ಮೇಷ್ಟ್ರು ನಂಬರ್ ಇಸಿದುಕೊಂಡರು, ನಾನೇ ಕೊಟ್ಟೆ. ಜೂನಿನಲ್ಲಿ ಒಂದೊಂದು ಕೊಂಬೆಯಲ್ಲಿ ಹತ್ತು ಹದಿನೈದು ಕಾಯಿ. ಆ ಇಬ್ಬರೂ ವರ್ಷದಲ್ಲಿ ಒಂದೇ ಸಲ ತಾವಾಗಿ ಬಂದದ್ದು ಆಗಲೇ, ಫೋಟೋ ತೆಗೆದುಕೊಳ್ಳಲು. ವೈರ್ ಕಡೆ ಕಣ್ಣೂ ಹಾಯಿಸಲಿಲ್ಲ.

ಆಷಾಢದ ಗಾಳಿ ಶುರುವಾದ ಮೂರನೇ ರಾತ್ರಿ ದೊಡ್ಡ ಕೊಂಬೆ ಬಿತ್ತು. ಬೆಳಿಗ್ಗೆ ನೋಡಿದರೆ ನೆಲದ ತುಂಬ ಕಾಯಿ, ಎಲ್ಲ ಇನ್ನೂ ಕಲ್ಲಿನ ಹಾಗಿದ್ದವು. ಎಣಿಸಿದೆ, 31. ಮಕ್ಕಳು ಉಪ್ಪು ಖಾರ ಹಚ್ಚಿಯೂ ತಿನ್ನಲಿಲ್ಲ.

ಮಾವ ಕನ್ನಡಕ ಹಾಕಿಕೊಂಡು ಮುರಿದ ಜಾಗದ ಮುಂದೆ ಕೂತರು. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ಹಿಪ್ಪುನೇರಳೆ ಕಡ್ಡಿ ಕಡಿದ ಕೈ ಅವರದು. “ಬಾರಮ್ಮ ಇಲ್ಲಿ” ಅಂತ ಕರೆದು ತೋರಿಸಿದರು. ವೈರ್ ಹೊರಗೆ ಕಾಣುತ್ತಲೇ ಇರಲಿಲ್ಲ. ತೊಗಟೆ ಅದನ್ನು ನುಂಗಿ ತುಟಿ ಮುಚ್ಚಿಕೊಂಡಿತ್ತು. ವೈರಿಗಿಂತ ತುದಿ ಕಡೆ ಕೊಂಬೆ ಊದಿಕೊಂಡು ಗಂಟಾಗಿತ್ತು, ಬುಡದ ಕಡೆ ಸಣಕಲು. ಮಗುವಿಗೆ ನಾಮಕರಣದಲ್ಲಿ ಹಾಕಿದ ಬೆಳ್ಳಿ ಕಡಗವನ್ನು ಬಿಚ್ಚಲು ಮರೆತು, ಮಗು ಐದು ವರ್ಷದ್ದಾದರೆ ಹೇಗಿರುತ್ತದೆ ಯೋಚಿಸಿ. ಮುರಿದ ಬಾಯಿಯಲ್ಲಿ ಒಳಗಿನ ಗಟ್ಟಿ ಕಟ್ಟಿಗೆ ಪೆನ್ಸಿಲ್ ಅಷ್ಟೇ ಉಳಿದಿತ್ತು. ಆ ಪೆನ್ಸಿಲ್ ಮೇಲೆ 31 ಕಾಯಿ ಕೂತಿದ್ದವು.

“ಹೂ ಹಂಗೆ ಬಂದಿದ್ದು ಬಗ್ಗಿಸಿದ್ದಕ್ಕೆ ಅರ್ಧ, ಇದಕ್ಕೆ ಅರ್ಧ ಕಣಮ್ಮ” ಅಂದರು ಮಾವ. ಬೇರಿನಿಂದ ನೀರು ಮೇಲಕ್ಕೆ ಹೋಗುವುದು ಒಳಗಿನ ಕಟ್ಟಿಗೆಯಲ್ಲಿ. ಎಲೆ ಮಾಡಿದ ಆಹಾರ ಕೆಳಗಿಳಿಯುವುದು ತೊಗಟೆಗೆ ಅಂಟಿದ ಪದರದಲ್ಲಿ. ವೈರ್ ಆ ಪದರವನ್ನು ಹಿಸುಕಿದರೆ ಆಹಾರ ಕೆಳಗೆ ಹೋಗದೆ ಅಲ್ಲೇ ತಂಗುತ್ತದೆ. ಆಗ ಕೊಂಬೆ ಮೈತುಂಬ ಹೂ ಬಿಡುತ್ತದೆ, ಎಲೆ ಹಸಿರಾಗೇ ಇರುತ್ತದೆ, ನೋಡುವವರಿಗೆ ಸುಭಿಕ್ಷ. ಅತ್ತ ಬೇರಿಗೆ ಉಪವಾಸ, ಇತ್ತ ಕಟ್ಟಿದ ಜಾಗ ದಪ್ಪವಾಗದೆ ಸೊರಗುತ್ತದೆ. ನಾನು ಮೇಷ್ಟ್ರಿಗೆ ನಂಬರ್ ಕೊಟ್ಟದ್ದು ಈ ಸುಭಿಕ್ಷ ನೋಡಿಯೇ.

ಮಿಕ್ಕ ಕೊಂಬೆಗಳನ್ನು ಅವತ್ತೇ ನೋಡಿದೆವು. ಏಳರಲ್ಲಿ ನಾಲ್ಕಕ್ಕೆ ವೈರ್ ಅರ್ಧ ಒಳಗೆ. ನಿಮ್ಮ ಗಿಡದಲ್ಲೂ ಹೀಗಾಗಿದ್ದರೆ ಕೈಯಲ್ಲಿ ಹಿಡಿದು ಎಳೆಯಲು ಹೋಗಬೇಡಿ, ಸುತ್ತಲೂ ತೊಗಟೆ ಕಿತ್ತು ಬರುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಮೂರು ನಾಲ್ಕು ಕಡೆ ಕತ್ತರಿಸಿ, ತಾನಾಗಿ ಬಿಡುವ ತುಂಡು ಮಾತ್ರ ತೆಗೆಯಿರಿ, ನುಂಗಿದ್ದು ಒಳಗೇ ಇರಲಿ. ಕಾಯಿ ಅರ್ಧಕ್ಕರ್ಧ ಕಿತ್ತುಬಿಡಿ, ಕೊಂಬೆಗೆ ಒಂದು ಕವೆಗೋಲು ಆಸರೆ ಕೊಡಿ. ನಮ್ಮಲ್ಲಿ ಮೂರು ಕೊಂಬೆ ಹೀಗೆ ಉಳಿದಿವೆ.

ಫೋನ್ ಮಾಡಿದೆ. ಮೊದಲ ಸಲ “ಗಾಳಿಗೆ ನಾವೇನ್ ಮಾಡೋಕಾಗುತ್ತೆ ಮೇಡಂ” ಅಂದರು. ಎರಡನೇ ಸಲ ಹೊಸಕೋಟೆಯಲ್ಲಿ ಕೆಲಸ ಇದೆ, ಭಾನುವಾರ ಬರ್ತೀವಿ ಅಂದರು. ಆ ಭಾನುವಾರ ಇನ್ನೂ ಬಂದಿಲ್ಲ. ಮೇಷ್ಟ್ರ ಮನೆಗೆ ಹೋಗಿ ನಾನೇ ಅವರ ಗಿಡದ ವೈರ್ ಕತ್ತರಿಸಿ ಬಂದೆ. ಅಲ್ಲಿ ಕಟ್ಟಿ ಎರಡೇ ತಿಂಗಳಾಗಿತ್ತು, ಬರೀ ಗೆರೆ ಮೂಡಿತ್ತು.

ಬಗ್ಗಿಸಲೇಬೇಕು ಅಂದರೆ ನೀವೇ ಬಗ್ಗಿಸಿ, ಕಷ್ಟವಿಲ್ಲ. ಪೆನ್ಸಿಲ್ ದಪ್ಪ ದಾಟದ ಎಳೆ ಕೊಂಬೆಯಾದರೆ ಎರಡು ಬೆರಳಲ್ಲಿ ಬಾಗುತ್ತದೆ. ಇನ್ನೂ ಎಳೆ ಚಿಗುರಾದರೆ ಬಟ್ಟೆ ಒಣಗಿಸುವ ಕ್ಲಿಪ್ಪನ್ನು ಚಿಗುರಿನ ಮೇಲ್ಗಡೆ ಕಾಂಡಕ್ಕೆ ಕಚ್ಚಿಸಿ, ಅದರ ಬಾಲ ಚಿಗುರನ್ನು ಹೊರಕ್ಕೆ ಒತ್ತುವ ಹಾಗೆ ಮಾಡಿದರೂ ಸಾಕು, ಕವಲು ಅಗಲವಾಗುತ್ತದೆ. ಕವಲು ತೀರಾ ಕಿರಿದಾದರೆ ಎರಡರ ತೊಗಟೆಯೂ ಮಧ್ಯೆ ಸಿಕ್ಕಿಕೊಂಡು, ಮುಂದೆ ಭಾರ ಬಿದ್ದಾಗ ಸೀಳುವುದು ಅಲ್ಲೇ. ಬಗ್ಗಿಸುವಾಗ ಒಂದು ಕೈ ಕವಲಿನ ಬುಡದಲ್ಲಿ ಒತ್ತಿ ಹಿಡಿದಿರಲಿ. ತುದಿ ಬುಡಕ್ಕಿಂತ ಕೆಳಗೆ ಇಳಿಯುವುದು ಬೇಡ. ನಮ್ಮಲ್ಲಿ ಇಳಿಸಿದ ಕಡೆಯಲ್ಲೆಲ್ಲ ಬಾಗಿದ ನೆತ್ತಿಯಿಂದ ಕೋಲಿನಂಥ ಚಿಗುರು ನೆಟ್ಟಗೆ ಎದ್ದು, ಗಿಡದ ಸತ್ವವನ್ನೆಲ್ಲ ಅದೇ ಹೀರಿತು. ಅದರಲ್ಲಿ ಒಂದು ಹೂ ಇಲ್ಲ.

ಕಟ್ಟುವುದಕ್ಕೆ ವೈರೂ ಬೇಡ, ನೈಲಾನ್ ಹಗ್ಗವೂ ಬೇಡ. ಅತ್ತೆಯ ಹಳೇ ನೂಲಿನ ಸೀರೆ ಎರಡು ಬೆರಳಗಲ ಹರಿದು, ಎಂಟರ ಆಕಾರದಲ್ಲಿ ಸಡಿಲವಾಗಿ ಸುತ್ತಿದ್ದೇವೆ, ಒಳಗೆ ಕಿರುಬೆರಳು ಆಡುವಷ್ಟು ಜಾಗ ಬಿಟ್ಟು. ಕಾಯಿಗೆ ಅಂತ ಬಗ್ಗಿಸಿದ ಸೀಬೆ ಕೊಂಬೆಯಲ್ಲಿ ಹೊಸ ಚಿಗುರು ಕಣ್ಣು ಬಿಟ್ಟ ಮೇಲೆ ಕಟ್ಟಿನ ಕೆಲಸ ಮುಗಿಯಿತು, ಬಿಚ್ಚಿಬಿಡಬಹುದು. ಆಕಾರಕ್ಕೆ ಅಂತ ಕಟ್ಟಿದ್ದು ಕೆಲವು ತಿಂಗಳು ಬೇಕಾಗುತ್ತದೆ. ಅದನ್ನು ಅತ್ತೆ ಪ್ರತಿ ಅಮಾವಾಸ್ಯೆ ಬಿಚ್ಚಿ, ಒಂದಂಗುಲ ಸರಿಸಿ, ಮತ್ತೆ ಕಟ್ಟುತ್ತಾರೆ. ಅಮಾವಾಸ್ಯೆಗೂ ಗಿಡಕ್ಕೂ ಸಂಬಂಧವೇನಿಲ್ಲ, ಆ ದಿನ ನೆನಪಿರುತ್ತದೆ ಅಷ್ಟೇ.

ಆ ಇಬ್ಬರ ವಾಟ್ಸಾಪ್ ಸ್ಟೇಟಸ್‌ನಲ್ಲಿ ನಮ್ಮ ಗಿಡದ ಫೋಟೋ ಈಗಲೂ ಬರುತ್ತದೆ: ಬಾಗಿದ ಕೊಂಬೆ, ತುಂಬ ಕಾಯಿ, ಹಿಂದೆ ಬಾಯಿ ಒಡೆದ ನೀಲಿ ಡ್ರಮ್ಮು, ಅದರ ಮೇಲೆ ಒಣಹಾಕಿದ ಹಳದಿ ಡೋರ್‌ಮ್ಯಾಟ್. ನಿಮಗೂ ಯಾರಾದರೂ ಆ ಫೋಟೋ ತೋರಿಸಿದರೆ, ಆ ಕೊಂಬೆ ಈಗ ನಮ್ಮ ಬಚ್ಚಲ ಒಲೆಯ ಪಕ್ಕ ಒಣಗುತ್ತಿದೆ ಅಂತ ಹೇಳಿ.